ಹಲುಬೆ

ದುರ್ಗಿಗುಡಿಯಲ್ಲಿ, ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ
ನಮ್ಮ ನಾಟಕ. ಕೆಳಗೆ ರಾಗಿ ಬೀಸಿದರೆ
ಮೇಲೆ ಅರಮನೆ ನಡುಗುತ್ತದೆ.
ತಾಲೀಮು ಅನ್ನುವವರು ತೀರಿಕೊಂಡರು, ಈಗ ಎಲ್ಲರ ಬಾಯಲ್ಲೂ
ರಿಯರ್ಸಲ್ಲು.
ನಾನು ಪ್ರಾಂಪ್ಟರು. ಪರದೆಯ ಸಂದಿಯಲ್ಲಿ ನಿಂತು
ಬೇರೆಯವರ ಮಾತನ್ನು ಅವರಿಗಿಂತ
ಅರ್ಧ ಉಸಿರು ಮುಂಚೆ ಆಡುವವಳು.

ಹುಚ್ಚರಾಯಪ್ಪನಿಗೆ ಇರುವುದು ಒಂದೇ ಮಾತು:
"ಪ್ರಭು, ಬಾಗಿಲಲ್ಲಿ ಯಾರೋ ಬಂದಿದ್ದಾರೆ."
ಹಗಲು ಸಾಗರದ ಬಸ್ಸಿಗೆ ಕಂಡಕ್ಟರು, ಸಂಜೆ ನಮ್ಮ ದೂತ.
ಟಿಕೇಟು ಹರಿಯುವ ಆ ಕೈಯಲ್ಲಿ
ಭರ್ಜಿಯೂ ಚಿಲ್ಲರೆ ಕೇಳುವಂತೆ ಕಾಣುತ್ತದೆ.
ಇಪ್ಪತ್ತಮೂರನೆಯ ಸಲ ಹೇಳಿಸಿದಾಗ ಕೂತೇಬಿಟ್ಟ:
"ಹಾಡಿದ್ದೇ ಹಾಡೋ ಕಿಸಬಾಯಿದಾಸ ಆದ್ನಲ್ಲ ಮೇಡಂ,
ಈ ರಿಯರ್ಸಲ್ಲು ಅಂದ್ರೆ ಅರ್ಥ ಆದ್ರೂ ಏನು?"

ನನಗೆ ಗೊತ್ತಿರಲಿಲ್ಲ.
ಮರುದಿನ ಕೋರ್ಟಿನ ಟೈಪಿಂಗ್ ಮುಗಿಸಿ ಲೈಬ್ರರಿಗೆ ಹೋದೆ.
ದಪ್ಪ ನಿಘಂಟು; ಗೆದ್ದಲು ನನಗಿಂತ ಮೊದಲೇ
ಅಲ್ಲಲ್ಲಿ ಓದಿ ಮುಗಿಸಿತ್ತು. ಆ ಪುಟ ಉಳಿದಿತ್ತು.
'ರಿ' ಅಂದರೆ ಮತ್ತೆ.
'ಹೆರ್ಸ್' ಅಂದರೆ, ಹಳೆಯ ಫ್ರೆಂಚಿನಲ್ಲಿ,
ಹಲುಬೆ.
ಉತ್ತ ಹೊಲಕ್ಕೆ ಮತ್ತೆ ಹಲುಬೆ ಹೊಡೆಯುವುದು.

ಇನ್ನೂ ಕೆದಕಿದರೆ, ಲ್ಯಾಟಿನ್ನಿನ ಆಚೆ
ಸತ್ತುಹೋದ ಯಾವುದೋ ಭಾಷೆಯಲ್ಲೊಂದು ತೋಳವಂತೆ,
ಹಲ್ಲು ನೋಡಿ ಇಟ್ಟ ಹೆಸರು.
ಹಲುಬೆಯಂಥ ಚೌಕಟ್ಟಿಗೆ ಮೇಣದಬತ್ತಿ ಸಿಕ್ಕಿಸಿ
ಹೆಣದ ಮೇಲೆ ನಿಲ್ಲಿಸುತ್ತಿದ್ದರಂತೆ, ಆಮೇಲೆ ಆ ಹೆಸರು ಜಾರಿ
ಹೆಣ ಒಯ್ಯುವ ಗಾಡಿಗೆ ಬಂತಂತೆ.
ತೋಳ, ಹೊಲ, ಹೆಣ, ಎಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಪದವನ್ನು
ನಾವು ದಿನಾ ಆರು ಗಂಟೆಗೆ ಚಾ ಬಿಸ್ಕತ್ತಿನ ಜೊತೆ ಕರೆಯುತ್ತಿದ್ದೆವು.

ಕನ್ನಡದಲ್ಲಿ ಹಲುಬೆಯ ಪಕ್ಕದ ಮನೆಯಲ್ಲೇ ಹಲುಬು ಇದೆ:
ಹೇಳಿದ್ದೇ ಹೇಳಿಕೊಂಡು ಅಳುವುದು.
ನೆಂಟರೋ, ಬರೀ ಗೋಡೆ ಹಂಚಿಕೊಂಡವರೋ,
ನಾನು ಪಂಡಿತಳಲ್ಲ.

ಹೇಳಿದಾಗ ಅವನು ನಕ್ಕ.
"ಅಷ್ಟು ದೊಡ್ಡ ಇಂಗ್ಲಿಷಿನ ಒಳಗೆ ನಮ್ಮ ಹಲುಬೇನಾ!
ಸಣ್ಣವನಿದ್ದಾಗ ಭಾರಕ್ಕೆ ಅಂತ ನನ್ನೇ ಅದರ ಮೇಲೆ ಕೂರಿಸ್ತಿದ್ರು,
ಕಲ್ಲಿನ ಬದಲು.
ಒಂದು ಸಲ ಹೋದ್ರೆ ಹೆಂಟೆ ಬರೀ ಮಗ್ಗುಲು ಬದಲಿಸ್ತದೆ ಮೇಡಂ.
ಎರಡನೇ ಸಲಕ್ಕೆ ಒಡೀತದೆ.
ಮೂರನೇ ಸಲಕ್ಕೆ ಎರೆಹುಳ ಮೇಲೆ ಬಂದು
ಕೊಕ್ಕರೆ ಇಳೀತವೆ."

ಆಮೇಲೆ ಸುಮ್ಮನಾದ. ಗಿರಣಿಯೂ ನಿಂತಿತ್ತು.

"ತಮ್ಮ ಮೆಗ್ಗಾನ್ ಆಸ್ಪತ್ರೇಲಿ ಹೋದ ದಿನ
ಅವ್ವನಿಗೆ ಹೇಳೋ ಪಾಲು ನನ್ನದಾಯ್ತು.
ನನ್ನ ಬಸ್ಸಿನಲ್ಲೇ ಟಿಕೇಟು ತಗೊಂಡು ಕೂತೆ.
ಆಯನೂರಲ್ಲಿ ಒಂದು ಥರ ಹೇಳಿ ನೋಡಿದೆ.
ಕುಂಸೀಲಿ ಇನ್ನೊಂದು ಥರ.
ಚೋರಡಿ ಸೇತುವೆ ಮೇಲೆ ಅವನ ಹೆಸರು ಬಿಟ್ಟು ಹೇಳಿ ನೋಡಿದೆ.
ಆನಂದಪುರದಲ್ಲಿ ಇಳಿಯೋ ಹೊತ್ತಿಗೆ ಬಾಯಿಪಾಠ.
ಅವ್ವ ಬಾಗಿಲಲ್ಲಿ ಅವರೇಕಾಯಿ ಸುಲೀತಿದ್ಲು.
ನನ್ನ ಮುಖ ನೋಡಿದ್ಲು. ಸುಲಿದ ಕಾಳನ್ನ
ಒಂದೊಂದೇ ಎತ್ತಿ
ಮತ್ತೆ ಸಿಪ್ಪೆಯೊಳಗೆ ಇಡೋಕೆ ಶುರು ಮಾಡಿದ್ಲು.

ಆ ಮಾತು ಇನ್ನೂ ಹೇಳಿಲ್ಲ. ಬಾಯಲ್ಲೇ ಇದೆ."

"ಮೊದಲಿಂದ!" ಅಂತ ಮೇಷ್ಟ್ರು ಚಪ್ಪಾಳೆ ತಟ್ಟಿದರು.
ಹುಚ್ಚರಾಯಪ್ಪ ಭರ್ಜಿ ಎತ್ತಿಕೊಂಡು ಬಂದ.
"ಪ್ರಭು," ಅಂದ. "ಬಾಗಿಲಲ್ಲಿ," ಅಂದ.
ನಿಂತ.
ಅರ್ಧ ಉಸಿರು ಮುಂಚೆ ಬರಬೇಕಾದ ನನ್ನ ದನಿಯನ್ನು
ನಾನು ನುಂಗಿಕೊಂಡೆ.

ರಾಜನ ಪಾರ್ಟಿನ ಇಲಿಯಾಸ್ ಸಾಹೇಬರು
(ಹಗಲು ಔಷಧಿ ಅಂಗಡಿ, ರಾತ್ರಿ ಸಿಂಹಾಸನ)
ಪ್ಲಾಸ್ಟಿಕ್ ಕುರ್ಚಿಯಿಂದ ಮೆಲ್ಲಗೆ ಎದ್ದು ನಿಂತರು.
ಪುಸ್ತಕದಲ್ಲಿ ಅದು ಇರಲಿಲ್ಲ.
ಕೆಳಗೆ ಯಾರದೋ ರಾಗಿ ಬಂತು, ಅಕ್ಷರ ಅಲುಗತೊಡಗಿದವು;
ಅಂಚಿನಲ್ಲಿ ಪೆನ್ಸಿಲ್ಲಿನಿಂದ
ಬರೆದುಕೊಂಡೆ: ರಾಜ ಏಳುತ್ತಾನೆ.